ಅಯ್ಯನವರು ಬಾರದ ಶುಕ್ರವಾರ

ಬ್ರಿಸ್ಟಲ್ ಪೇಟೆಯ ನಡುವೆ ಬ್ರಾಡ್‌ಮೀಡ್ ಅಂತ ಒಂದು ಅಂಗಡಿ ಬೀದಿ ಇದೆ. ಅಂಗಡಿಗಳ ಮಧ್ಯೆ ಒಂದು ಗೇಟು. ಒಳಗೆ ಕಾಲಿಟ್ಟರೆ ಕುದುರೆಯ ಮೇಲೆ ಕೂತ ಜಾನ್ ವೆಸ್ಲಿಯ ಪ್ರತಿಮೆ, ಅದರ ಹಿಂದೆ ನ್ಯೂ ರೂಮ್ ಅನ್ನುವ ಪ್ರಾರ್ಥನಾ ಮನೆ. ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಥವನ್ನು ಶುರುಮಾಡಿದ ಬೋಧಕರು ಈ ವೆಸ್ಲಿ. 1739ರಲ್ಲಿ ಶುರುವಾದ ಈ ಮನೆಯೇ ಜಗತ್ತಿನ ಅತಿ ಹಳೆಯ ಮೆಥಡಿಸ್ಟ್ ಕಟ್ಟಡ. ಹನ್ನೊಂದು ವರ್ಷದ ಹಿಂದೆ, ಈ ಊರಿಗೆ ಬಂದ ಹೊಸದರಲ್ಲಿ, ಚಳಿ ತಾಳಲಾರದೆ ಸುಮ್ನೆ ಒಳಗೆ ಹೋಗಿದ್ದೆ. ನಾನು ತುಮಕೂರು ಜಿಲ್ಲೆಯವನು. ನಮ್ಮ ಕಡೆ ಗುಬ್ಬಿಯಲ್ಲಿ 1830ರ ದಶಕದಲ್ಲೇ ವೆಸ್ಲಿಯನ್ ಮಿಷನರಿಗಳು ಬಂದು ನೆಲೆ ನಿಂತಿದ್ದರು. ಅವರು ಬೆಳೆಸಿದ ಕ್ರೈಸ್ತ ಸಭೆಯಲ್ಲೇ ನಮ್ಮ ಮನೆಯವರೆಲ್ಲ ಬೆಳೆದದ್ದು. ಹಾಗಾಗಿ ಆ ಮರದ ಬೆಂಚಿನ ಮೇಲೆ ಕೂತಾಗ ಅಜ್ಜನ ಊರಿಗೆ ಬಂದ ಹಾಗನಿಸಿತು.

ಆ ಕಟ್ಟಡಕ್ಕೆ ಸಾಲ ಇತ್ತು. 1742ರ ಫೆಬ್ರವರಿಯಲ್ಲಿ ಸಾಲ ತೀರಿಸೋದು ಹೇಗೆ ಅಂತ ಮಾತಾಡೋಕೆ ಸಭೆಯವರು ಸೇರಿದರು. ಕ್ಯಾಪ್ಟನ್ ಫಾಯ್ ಅನ್ನುವವರು ಎದ್ದು, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂದರು. ಬಡವರಿಗೆ ಅದೂ ಕಷ್ಟ ಅಂತ ಇನ್ನೊಬ್ಬರು ಹೇಳಿದರು. ಹಾಗಾದ್ರೆ ತೀರಾ ಬಡವರಾದ ಹನ್ನೊಂದು ಜನರನ್ನ ನನಗೆ ಒಪ್ಪಿಸಿ, ವಾರವಾರ ನಾನೇ ಹೋಗಿ ಕೇಳ್ತೀನಿ, ಅವರ ಕೈಲಾಗದಿದ್ದರೆ ನಾನೇ ತುಂಬ್ತೀನಿ ಅಂದರು ಕ್ಯಾಪ್ಟನ್. ಉಳಿದವರೂ ಹೀಗೇ ಹನ್ನೊಂದು ಹನ್ನೊಂದು ಜನರನ್ನು ವಹಿಸಿಕೊಂಡರು. ಪೆನ್ನಿಗಾಗಿ ಬಾಗಿಲು ತಟ್ಟಿದಾಗ ಮನೆಯೊಳಗಿನದು ಕಂಡಿತು. ಒಂದು ಕಡೆ ಗಂಡ ಹೆಂಡಿರ ಜಗಳ, ಇನ್ನೊಂದು ಕಡೆ ಕುಡಿತ. ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಗೆ ಹೊಳೆಯಿತು. ಮನೆಮನೆ ಸುತ್ತುವ ಬದಲು ಹನ್ನೆರಡೂ ಜನ ವಾರಕ್ಕೊಮ್ಮೆ ಒಂದೆಡೆ ಕೂರಲಿ ಅಂತ ಆಮೇಲೆ ಆಯಿತು. ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹೀಗೆ.

ಅದು ಪ್ರಸಂಗ, ಅಂದರೆ ಪಾದ್ರಿಯ ಬೋಧನೆ, ಕೇಳುವ ಜಾಗವಾಗಿರಲಿಲ್ಲ. ಈ ವಾರ ನಿನ್ನ ಆತ್ಮ ಹೇಗಿದೆ ಅಂತ ಮುಖಂಡರು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಆ ಮುಖಂಡರು ಪಾದ್ರಿಗಳಲ್ಲ. ದುಡಿದು ತಿನ್ನುವ ಸಾಮಾನ್ಯ ಜನ, ಅವರಲ್ಲಿ ಹೆಂಗಸರೂ ಇದ್ದರು. ಬೋಧಕರು ಕುದುರೆ ಹತ್ತಿ ಊರೂರು ತಿರುಗುತ್ತಿದ್ದರು, ಆದರೆ ಊರಲ್ಲಿ ಉಳಿದು ಜನರನ್ನು ನೋಡಿಕೊಂಡವರು ಈ ಮುಖಂಡರೇ. 1791ರಲ್ಲಿ ವೆಸ್ಲಿ ತೀರಿಕೊಂಡಾಗ ಬ್ರಿಟನ್ನಿನಲ್ಲೇ ಸುಮಾರು 70 ಸಾವಿರ ಸದಸ್ಯರಿದ್ದರು. 1771ರಲ್ಲಿ ಬ್ರಿಸ್ಟಲ್ ಪಕ್ಕದ ಪಿಲ್ ಅನ್ನುವ ಹಳ್ಳಿಯಿಂದ ಫ್ರಾನ್ಸಿಸ್ ಆಸ್ಬರಿ ಅನ್ನುವ ಮೆಥಡಿಸ್ಟ್ ಬೋಧಕರು ಅಮೆರಿಕಕ್ಕೆ ಹಡಗು ಹತ್ತಿದರು. ಅವರು ತಿರುಗಿ ಬರಲೇ ಇಲ್ಲ. 1816ರಲ್ಲಿ ಅವರು ಸಾಯುವ ಹೊತ್ತಿಗೆ ಅಲ್ಲಿನ ಮೆಥಡಿಸ್ಟರು 2 ಲಕ್ಷ ದಾಟಿದ್ದರು.

ಈಗ ನಮ್ಮೂರಿಗೆ ಬರೋಣ. ನಾನು ಹುಡುಗನಾಗಿದ್ದಾಗ ಶುಕ್ರವಾರ ಸಂಜೆ ಕಾಟೇಜ್ ಪ್ರೇಯರ್ ಇರುತ್ತಿತ್ತು. ವಾರಕ್ಕೊಂದು ಮನೆ. ಚಾಪೆ ಹಾಸಿ, ಕೀರ್ತನೆ ಹಾಡಿ, ಅಯ್ಯನವರ, ಅಂದರೆ ನಮ್ಮ ಸಭೆಯ ಪಾದ್ರಿಗಳ, ಪ್ರಸಂಗ ಕೇಳಿ, ಚಹಾ ಬಿಸ್ಕತ್ತು ತಿಂದು ಎದ್ದು ಬರುತ್ತಿದ್ದೆವು. ನನಗೆ ಅದು ತುಂಬ ಇಷ್ಟ, ಇವತ್ತಿಗೂ. ಒಂದು ಶುಕ್ರವಾರ ನಮ್ಮ ಮನೆಯ ಸರದಿ. ಅಯ್ಯನವರಿಗೆ ಮೂರು ಊರಿನ ಸಭೆಗಳು, ಒಂದೇ ಸ್ಕೂಟರ್. ಆ ದಿನ ಮಳೆಗೆ ರಸ್ತೆ ಕಿತ್ತುಹೋಗಿ ಅವರು ಬರಲಾಗಲಿಲ್ಲ. ಇಪ್ಪತ್ತು ಜನ ಚಾಪೆ ಮೇಲೆ ಕೂತು ಕಾದರು. ಎಂಟು ಗಂಟೆಗೆ ಚಹಾ ಕುಡಿದು ಎದ್ದರು. ಗೋಡೆಗೆ ಒರಗಿ ಕೂತಿದ್ದ ನಮ್ಮಜ್ಜಿಗೆ ಅರ್ಧ ಕೀರ್ತನೆಗಳ ಪುಸ್ತಕವೇ ಬಾಯಿಪಾಠ. ಮಡಿಲಲ್ಲಿ ಒಂದು ನೋಟ್‌ಬುಕ್ಕು, ಅದರಲ್ಲಿ ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಗಂಡು ಗೊತ್ತಾಗಿಲ್ಲ, ಯಾರ ಮಗನಿಗೆ ಕೆಲಸ ಹೋಗಿದೆ, ಎಲ್ಲ ಬರೆದಿತ್ತು. ದಿನಾ ಬೆಳಗಿನ ಜಾವ ಆ ಹೆಸರುಗಳಿಗೆ ಪ್ರಾರ್ಥನೆ ಮಾಡುತ್ತಿದ್ದರು. ಆ ರಾತ್ರಿ ಅಜ್ಜಿಗೆ, ನೀವೇ ನಡೆಸಿಕೊಡಿ ಅಂತ ಯಾರೂ ಹೇಳಲಿಲ್ಲ. ಅಜ್ಜಿಗೂ ಹೊಳೆಯಲಿಲ್ಲ.

ನನ್ನ ಮಾತೆಲ್ಲ ಆ ರಾತ್ರಿಯ ಸುತ್ತಲೇ ಇದೆ. ನಮ್ಮಲ್ಲಿ ಭಕ್ತಿಗೆ ಕಡಿಮೆ ಇಲ್ಲ. ಒಬ್ಬರನ್ನೊಬ್ಬರು ನೋಡಿಕೊಳ್ಳುವ ಗುಣ ಇಂಗ್ಲೆಂಡಿಗಿಂತ ಜಾಸ್ತಿಯೇ ಇದೆ. ಆದರೆ ಜವಾಬ್ದಾರಿ ಒಬ್ಬರ ತಲೆ ಮೇಲೆ. ಅವರು ಬಂದರೆ ಕೂಟ, ಬರದಿದ್ದರೆ ಇಲ್ಲ. ಆಮೇಲೆ ಸಭೆ ಯಾಕೆ ಬೆಳೆಯುತ್ತಿಲ್ಲ ಅಂತ ಕಮಿಟಿಯಲ್ಲಿ ಮಾತಾಡುತ್ತೇವೆ, ಹೊಸ ಚಾವಣಿಗೆ ಕಾಣಿಕೆ ಎತ್ತುತ್ತೇವೆ. ಮಿಷನರಿಗಳು ಶಾಲೆ ಕೊಟ್ಟರು, ಮೈಸೂರಿನಲ್ಲಿ ಅಚ್ಚುಕೂಟ ನಡೆಸಿದರು, ಆಸ್ಪತ್ರೆ ಕಟ್ಟಿದರು. ಅದಕ್ಕೆಲ್ಲ ನಾನು ಋಣಿ. ಆದರೆ ವೆಸ್ಲಿಯ ಹೆಸರಿನ ಸಭೆಗಳಲ್ಲೇ ಬೆಳೆದ ನಾನು ಕ್ಲಾಸ್ ಮೀಟಿಂಗ್ ಅನ್ನುವ ಮಾತನ್ನು ಮೊದಲು ಕೇಳಿದ್ದು ಬ್ರಿಸ್ಟಲ್‌ನಲ್ಲಿ.

ಇಲ್ಲಿಯವರದು ಬೇರೆ ಥರದ ಕಷ್ಟ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೆ ಸುಮಾರು 16 ಸಾವಿರ ಚರ್ಚ್ ಕಟ್ಟಡಗಳಿವೆ, ಕೂರುವ ಜನ ದಶಕಗಳ ಲೆಕ್ಕದಲ್ಲಿ ಬಹಳ ಇಳಿದಿದ್ದಾರೆ. 2021ರಲ್ಲಿ ಅವರಲ್ಲೇ ಕೆಲವರು ಮಿರಿಯಡ್ ಅಂತ ಒಂದು ಯೋಜನೆ ಮುಂದಿಟ್ಟರು. ಹತ್ತು ವರ್ಷದಲ್ಲಿ 10,000 ಹೊಸ ಸಣ್ಣ ಸಭೆಗಳು, ಹೆಚ್ಚಿನವನ್ನು ಸಾಮಾನ್ಯ ವಿಶ್ವಾಸಿಗಳೇ ನಡೆಸೋದು. ಕಟ್ಟಡ, ಪಾದ್ರಿಯ ಸಂಬಳ, ವರ್ಷಗಟ್ಟಲೆಯ ಓದು, ಇವೇ ಬೆಳವಣಿಗೆಗೆ ತಡೆ ಅನ್ನುವ ಮಾತು ಬಂತು. ಹಳ್ಳಿ ಚರ್ಚುಗಳಲ್ಲಿ ಜೀವ ತೇಯ್ದ ಪಾದ್ರಿಗಳಿಗೆ ಅದು ಬಹಳ ನೋವು ಮಾಡಿತು. ಅದೇ ಆಗಸ್ಟಿನಲ್ಲಿ ಲಂಡನ್‌ನಲ್ಲಿ ಊರೂರಿನ ಹಳೆಯ ಚರ್ಚುಗಳನ್ನು ಉಳಿಸಿ ಅಂತ ಸೇವ್ ದ ಪ್ಯಾರಿಷ್ ಅನ್ನುವ ಚಳವಳಿ ಶುರುವಾಯಿತು. ಸಾಮಾನ್ಯರ ಕೈಗೆ ಕೊಡಿ ಅನ್ನುವ ಮಾತು ನನಗೆ ಒಪ್ಪಿಗೆ. ಆದರೆ ಸಂಖ್ಯೆಯನ್ನು ಮೊದಲು ಹೇಳಿದ್ದು ತಪ್ಪು ಅನಿಸುತ್ತೆ. ಕ್ಯಾಪ್ಟನ್ ಫಾಯ್ ಕೇಳಿದ್ದು ಹನ್ನೊಂದು ಜನರನ್ನು, ಅದೂ ತೀರಾ ಬಡವರನ್ನು.

ಕೈಗೆ ಕೊಟ್ಟು ಬಿಟ್ಟುಬಿಡೋದರಲ್ಲಿ ಇನ್ನೊಂದು ಅಪಾಯ ಇದೆ. ಶೆಫೀಲ್ಡ್‌ನಲ್ಲಿ 1986ರಲ್ಲಿ ನೈನ್ ಓಕ್ಲಾಕ್ ಸರ್ವಿಸ್ ಅನ್ನುವ ಆರಾಧನೆ ಶುರುವಾಗಿ ನೂರಾರು ಯುವಕ ಯುವತಿಯರನ್ನು ಸೆಳೆಯಿತು. ಎಲ್ಲರೂ ಹೊಗಳಿದರು. 1995ರಲ್ಲಿ ಮುಂದಾಳು ಅಲ್ಲಿನ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಸಿದ್ದಾರೆಂಬ ಆರೋಪ ಹೊರಬಂತು, ಆ ಆರಾಧನೆಯೇ ನಿಂತುಹೋಯಿತು. ಈ ವಾರ ನಿನ್ನ ಆತ್ಮ ಹೇಗಿದೆ ಅಂತ ಮುಂದಾಳನ್ನೂ ಒಬ್ಬರು ಕೇಳಬೇಕು, ಉತ್ತರ ಸರಿ ಇಲ್ಲದಿದ್ದರೆ ಇಳಿಸುವ ಅಧಿಕಾರವೂ ಅವರಿಗೆ ಇರಬೇಕು. ವೆಸ್ಲಿ ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಹೊಸ ಸದಸ್ಯತ್ವದ ಟಿಕೆಟ್ ಕೊಡುತ್ತಿದ್ದರು. ಸರಿಯಾಗಿ ನಡೆಯದವರಿಗೆ ಟಿಕೆಟ್ ಇಲ್ಲ. ಬಿಗಿ ಜಾಸ್ತಿಯಾಯಿತು ಅಂತ ಮೊದಲು ಅನಿಸಿತ್ತು. ಈಗ ಹಾಗನಿಸಲ್ಲ.

ನಮ್ಮದೇ ಅನುಭವ ಹೇಳ್ತೀನಿ. ನಮ್ಮ ಮನೆಯಲ್ಲಿ ಬುಧವಾರ ಸಂಜೆ ಒಂದು ಕೂಟ ಇದೆ. ಆರು ಜನರಿಂದ ಶುರುವಾದದ್ದು. ನಾವಿಬ್ಬರು, ಒಂದು ಮಲಯಾಳಿ ಕುಟುಂಬ, ನಿವೃತ್ತ ಬಸ್ ಡ್ರೈವರ್ ಒಬ್ಬರು, ನೈಜೀರಿಯಾದ ನರ್ಸ್ ಅಕ್ಕ. ಮೊದಲು ಊಟ. ಅನ್ನ, ಹುಳಿ, ಹಪ್ಪಳ. ಡ್ರೈವರ್ ಅಂಕಲ್ ಹುಳಿಗೆ ಬ್ರೆಡ್ ಅದ್ದಿಕೊಂಡು ತಿನ್ನುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ವಾರದ ಬಗ್ಗೆ ಹೇಳಬೇಕು. ಅಕ್ಕ ರಿಡೀಮ್ಡ್ ಚರ್ಚಿನಲ್ಲಿ ಬೆಳೆದವರು. 1952ರಲ್ಲಿ ಲಾಗೋಸ್‌ನಲ್ಲಿ ಒಂದು ಸಣ್ಣ ಪ್ರಾರ್ಥನಾ ಕೂಟವಾಗಿ ಹುಟ್ಟಿ ದೇಶದೇಶಕ್ಕೆ ಹರಡಿದ ಸಭೆ ಅದು. ಬಡ ದೇಶಗಳ ಊರುಗಳಲ್ಲಿ ಐದು ನಿಮಿಷದ ನಡಿಗೆಗೊಂದು, ಇಲ್ಲಿನಂಥ ದೇಶಗಳಲ್ಲಿ ಐದು ನಿಮಿಷದ ಕಾರ್ ದಾರಿಗೊಂದು ಸಭೆ ಬೇಕು ಅನ್ನೋದು ಅವರ ಗುರಿ. ನಾವು ಹದಿನಾಲ್ಕು ಜನ ಆದಾಗ ಅಕ್ಕನೇ ಬಾಯಿಬಿಟ್ಟು ಹೇಳಿದರು, ಇನ್ನು ಎರಡಾಗೋಣ.

ನನಗೆ ಸಂಕಟವಾಯಿತು. ನಾಲ್ಕು ವರ್ಷ ಒಟ್ಟಿಗೆ ಉಂಡವರು. ಮಗಳು ಹುಟ್ಟಿದಾಗ ಊರಿಂದ ಯಾರಿಗೂ ವೀಸಾ ಸಿಗದೆ ಇದ್ದಾಗ ಇವರೇ ಬಾಣಂತನ ಮಾಡಿದ್ದರು. ಮೂರು ತಿಂಗಳು ನಾನು ಆ ಮಾತನ್ನು ತಳ್ಳಿಕೊಂಡೇ ಬಂದೆ. ಅಷ್ಟರಲ್ಲಿ ಜಾಗ ಸಾಲದೆ ಮಾತು ಕಡಿಮೆಯಾಗಿತ್ತು. ಹಿಂದೆ ಕೂತವರು ಸುಮ್ಮನೆ ಕೇಳಿಸಿಕೊಂಡು ಹೋಗುತ್ತಿದ್ದರು. ನಮ್ಮೂರ ಚಾಪೆ ಮೇಲೆ ಕೂತ ಹಾಗೇ. ಅದನ್ನು ನೋಡಿದ ಮೇಲೆ ಒಪ್ಪಿಕೊಂಡೆ. ಅಕ್ಕ ಮತ್ತು ಡ್ರೈವರ್ ಅಂಕಲ್ ಆರು ಜನರನ್ನು ಕರೆದುಕೊಂಡು ಬ್ರಿಸ್ಟಲ್‌ನದೇ ಬೆಡ್‌ಮಿನ್‌ಸ್ಟರ್ ಬಡಾವಣೆಯಲ್ಲಿ ಬೇರೆ ಕೂಟ ಶುರುಮಾಡಿದರು. ನಮ್ಮಲ್ಲಿ ಚೆನ್ನಾಗಿ ನಡೆಸಬಲ್ಲವರು ಅವರಿಬ್ಬರೇ ಆಗಿದ್ದರು. ಅಂಥವರನ್ನೇ ಕಳಿಸಿಕೊಡದಿದ್ದರೆ ಹೊಸ ಕೂಟ ನಿಲ್ಲಲ್ಲ. ಮೊದಲ ಬುಧವಾರ ಎಂದಿನಷ್ಟೇ ಅನ್ನ ಮಾಡಿ, ಅರ್ಧ ಉಳಿಯಿತು.

ನಮ್ಮೂರಲ್ಲಿ ಎಲ್ಲವೂ ಇಷ್ಟು ಸಲೀಸಲ್ಲ, ಗೊತ್ತು. ಮನೆಯಲ್ಲಿ ಹತ್ತು ಜನ ಸೇರಿ ಹಾಡಿದರೆ ಅಕ್ಕಪಕ್ಕದವರಿಗೆ ಅನುಮಾನ ಬರುವ ಕಾಲ. ಹಾಗಾಗಿಯೇ ಮನೆಯವರು, ಬೀದಿಗೆಲ್ಲ ಪರಿಚಯ ಇರುವವರು ಮುಂದೆ ನಿಲ್ಲಬೇಕು ಅಂತೀನಿ. ಪಕ್ಕದ ಮನೆಯವರಿಗೂ ಕಾಯಿಲೆಯಾದಾಗ ಗಂಜಿ ಕೊಟ್ಟು ಬಂದ ಅಜ್ಜಿಯನ್ನು ಯಾರು ಅನುಮಾನಿಸ್ತಾರೆ?

ಹೋದ ತಿಂಗಳು ಚಿಕ್ಕಮ್ಮ ಫೋನ್ ಮಾಡಿದ್ದರು. ಮತ್ತೆ ಮಳೆ, ಮತ್ತೆ ಅಯ್ಯನವರು ಬರಲಾಗಲಿಲ್ಲವಂತೆ. ಒಂಬತ್ತು ಜನ ಬಂದಿದ್ದರು. ಈ ಸಲ ಚಿಕ್ಕಮ್ಮ ಕಾಯಲಿಲ್ಲ. ಪಿಯುಸಿ ಓದುವ ಮಗಳ ಕೈಲಿ 121ನೇ ಕೀರ್ತನೆ ಓದಿಸಿ, ಅಜ್ಜಿಯ ಹಳೇ ನೋಟ್‌ಬುಕ್ ತೆಗೆದು, ಒಬ್ಬೊಬ್ಬರನ್ನೇ ಕೇಳಿದರಂತೆ, ಈ ವಾರ ಹೇಗಿದ್ರಿ ಅಂತ. ಹತ್ತು ಗಂಟೆಯಾದರೂ ಯಾರೂ ಏಳಲಿಲ್ಲ. ಸುದ್ದಿ ಕೇಳಿ ಅಯ್ಯನವರು ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತಿರ ಬಂದು, ಮುಂದಿನ ಶುಕ್ರವಾರ ನಾನು ಬಂದ್ರೂ ನೀವೇ ನಡೆಸಿ ಚಿಕ್ಕಮ್ಮ, ನಾನು ಚಾಪೆ ಮೇಲೆ ಕೂರ್ತೀನಿ ಅಂದರಂತೆ.