ದೊಡ್ಡತ್ತೆಯ ನಾಲ್ಕು ಸೆಕೆಂಡು

ತಮ್ಮನ ಮನೆ ಗೃಹಪ್ರವೇಶ ಮುಗಿದ ಮೂರನೇ ದಿನ ನನ್ನ ಲ್ಯಾಪ್‌ಟಾಪಿನಲ್ಲಿ 187 ವಿಡಿಯೋಗಳು ಬಂದು ಬಿದ್ದಿದ್ದವು. ಐದು ಜನರ ಫೋನಿನಿಂದ. ಎಲ್ಲ ಕೂಡಿಸಿದರೆ 3 ಗಂಟೆ 40 ನಿಮಿಷ. ತುಮಕೂರಿನಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದು ಕಾಫಿ ಕುಡಿಯಬಹುದು. ಬ್ರಿಸ್ಬೇನ್‌ನಲ್ಲಿರುವ ದೊಡ್ಡಕ್ಕ ರಜೆ ಸಿಗದೆ ಬಂದಿರಲಿಲ್ಲ. "ಎಲ್ಲಾ ಕಳಿಸ್ಬೇಡ ಕಣೇ, ಒಂದು ಹತ್ತು ನಿಮಿಷಕ್ಕೆ ಇಳಿಸಿ ಕಳಿಸು. ಹೇಗೂ ನಿಂಗೆ ಕಂಪ್ಯೂಟರ್ ಬರತ್ತಲ್ಲ" ಅಂದಳು.

ಕಂಪ್ಯೂಟರ್ ಬರತ್ತೆ ಅಂದರೆ ನಮ್ಮ ಮನೆಯಲ್ಲಿ ಎಲ್ಲವೂ ಬರತ್ತೆ ಅಂತ. ರೈಲು ಟಿಕೆಟ್ಟು, ಕರೆಂಟ್ ಬಿಲ್ಲು, ಜಾತಕ ತೆಗೆಯೋದು, ಈಗ ಸಿನಿಮಾ.

ಮೊದಲ ದಿನ ಸುಮ್ನೆ ನೋಡುತ್ತಾ ಕೂತೆ. ಅರ್ಧಕ್ಕರ್ಧ ನೆಲ. ಭಾವ ತೆಗೆದದ್ದಂತೂ ಬರೀ ಚಪ್ಪಲಿ. ಅವರದು ಒಂದೇ ಒಂದು ತಪ್ಪು: ಶುರುವಿನಲ್ಲಿ ಗುಂಡಿಯನ್ನು ಎರಡು ಸಲ ಒತ್ತಿಬಿಟ್ಟಿದ್ದಾರೆ. ಅಲ್ಲಿಂದ ಮುಂದೆ ಇಡೀ ದಿನ ಎಲ್ಲವೂ ಉಲ್ಟಾ. ನಿಲ್ಲಿಸಿದೆ ಅಂದುಕೊಂಡಾಗ ಫೋನು ಓಡಿದೆ, ಶುರು ಮಾಡಿದೆ ಅಂದುಕೊಂಡಾಗ ನಿಂತಿದೆ. ಗೋಪೂಜೆಯ ಸರಿಯಾದ ಹೊತ್ತಿಗೆ "ಹಾಂ, ಬಂತು" ಅನ್ನುವ ದನಿ ಕೇಳಿಸಿ ವಿಡಿಯೋ ಮುಗಿಯುತ್ತದೆ. ಹಸು ಒಳಗೆ ಬಂದು, ನಿಂತು, ತನ್ನ ಕೆಲಸ ಮುಗಿಸಿ ಹೊರಟಾದ ಮೇಲೆ ಮತ್ತೆ ಚಪ್ಪಲಿ.

ಮನೆಯವರನ್ನೇ ಚಿತ್ರ ಹಿಡಿಯುವ ಚಾಳಿ ಏನು ಹೊಸದಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಚಲನಚಿತ್ರ ತೋರಿಸಿದರಲ್ಲ, ಅದರಲ್ಲಿ ಒಂದು ಅವರ ಮನೆಯದೇ. ಒಬ್ಬ ಸಹೋದರ, ಅವನ ಹೆಂಡತಿ, ಮಧ್ಯೆ ಕೂಸು, ಕೂಸಿಗೆ ಊಟ ಮಾಡಿಸೋದು. ಅಷ್ಟೇ. ಆದರೆ ಅವರ ಒಂದು ರೀಲು 50 ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತಿತ್ತು. ಬೇಡದ್ದನ್ನು ಕತ್ತರಿಸುವ ತಾಪತ್ರಯವೇ ಇರಲಿಲ್ಲ. ನಮ್ಮ ಫೋನಿಗೆ ಆ ಪುಣ್ಯ ಇಲ್ಲ. ಚಾರ್ಜ್ ಇರುವ ತನಕ ನುಂಗುತ್ತಲೇ ಇರುತ್ತದೆ.

ನಾನು ಎಡಿಟಿಂಗ್ ಅಂತ ಕಲಿತದ್ದು ಮೂವಿ ಮೇಕರ್‌ನಲ್ಲಿ, ಅಂದರೆ ವಿಡಿಯೋ ಕತ್ತರಿಸಿ ಜೋಡಿಸುವ ಮೈಕ್ರೋಸಾಫ್ಟಿನ ಪ್ರೋಗ್ರಾಮಿನಲ್ಲಿ. ಅದು 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದು, ಆಮೇಲೆ ಎಕ್ಸ್‌ಪಿ ಜೊತೆ ಮನೆಮನೆಗೂ ಹೊಕ್ಕಿತು. ದುಡ್ಡು ಕೊಡಬೇಕಿರಲಿಲ್ಲ, ಅದೇ ದೊಡ್ಡ ಆಕರ್ಷಣೆ. ಅದಕ್ಕೂ ಮುಂಚೆ ನಮ್ಮ ಕಡೆ ಮದುವೆ ಕ್ಯಾಸೆಟ್ ಅಂದರೆ ಸ್ಟುಡಿಯೋಗೆ ಕೊಟ್ಟು "ಮಿಕ್ಸಿಂಗ್" ಮಾಡಿಸಬೇಕಿತ್ತು. ಮದುಮಗಳ ಮುಖ ಗುಲಾಬಿ ಹೂವಿನೊಳಗಿಂದ ಅರಳಬೇಕು, ಮದುಮಗ ಅವಳ ಅಂಗೈ ಮೇಲೆ ನಿಂತು ನಗಬೇಕು. ಮೂವಿ ಮೇಕರ್ ಸಿಕ್ಕಾಗ ಆ ಅಧಿಕಾರ ನಮ್ಮ ಕೈಗೇ ಬಂದ ಹಾಗಾಯಿತು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗೋಕೆ ಎಷ್ಟೊಂದು ದಾರಿ! ಹೃದಯದ ಆಕಾರ, ಬೀಗದ ಕಿಂಡಿ, ಪುಟ ಮಗುಚೋದು, ಗಾಜು ಒಡೆದ ಹಾಗೆ ಚೂರಾಗೋದು. ಮಗಳ ನಾಮಕರಣದ ಆರು ನಿಮಿಷದ ವಿಡಿಯೋದಲ್ಲಿ ಅಷ್ಟನ್ನೂ ಬಳಸಿದ್ದೆ. ತೊಟ್ಟಿಲು ಚೂರುಚೂರಾಗಿ ಪುರೋಹಿತರಾಗುತ್ತಿತ್ತು.

ಹಳೇ ಸಿನಿಮಾದ ಹಾಗೆ ಗೆರೆ ಗೀರು ಬರಿಸುವ ಎಫೆಕ್ಟ್ ಕೂಡ ಇತ್ತು. ಅದರಲ್ಲೂ ಮೂರು ತರ: ಹಳೆಯದು, ಇನ್ನೂ ಹಳೆಯದು, ಎಲ್ಲಕ್ಕಿಂತ ಹಳೆಯದು. ಆಗಷ್ಟೇ ತೆಗೆದ ವಿಡಿಯೋಗೆ ಗೀರು ಹಾಕಿ ಖುಷಿಪಡುತ್ತಿದ್ದೆ. ಬೀರುವಿನಲ್ಲಿ ನನ್ನ ಮದುವೆಯ ಕ್ಯಾಸೆಟ್ಟು ಬೂಷ್ಟು ಹಿಡಿದು, ಕೇಳದೆಯೇ ಆ ಮೂರನ್ನೂ ದಾಟಿ ಹಳೆಯದಾಗುತ್ತಿತ್ತು.

ಆ ಕಾಲದಲ್ಲೇ ಒಂದು ಅವಮಾನವೂ ಆಯಿತು. ನಾಮಕರಣದ ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಹತ್ತು ಜನ ಕುರ್ಚಿ ಎಳೆದುಕೊಂಡು ಕೂತರು. ತೆರೆದರೆ ಎಲ್ಲ ಚೌಕದಲ್ಲೂ ಕೆಂಪು ಗುಣಾಕಾರದ ಗುರುತು. ಮಗುವೂ ಇಲ್ಲ, ತೊಟ್ಟಿಲೂ ಇಲ್ಲ. ತಪ್ಪು ನನ್ನದೇ. ಪ್ರಾಜೆಕ್ಟ್ ಫೈಲಿನ ಒಳಗೆ ವಿಡಿಯೋ ಇರುವುದೇ ಇಲ್ಲ. ಯಾವ ವಿಡಿಯೋ, ಯಾವ ಫೋಲ್ಡರಿನಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಅನ್ನುವ ಪಟ್ಟಿ ಮಾತ್ರ. ಸತ್ಯನಾರಾಯಣ ಪೂಜೆಯ ಸಾಮಾನಿನ ಚೀಟಿ ಜೇಬಿಗಿಟ್ಟುಕೊಂಡು, ಸಾಮಾನು ಮನೆಯಲ್ಲೇ ಬಿಟ್ಟು ಹೋದ ಹಾಗೆ. ಕೊನೆಯಲ್ಲಿ ಎಕ್ಸ್‌ಪೋರ್ಟ್ ಕೊಟ್ಟು, ಕಂಪ್ಯೂಟರ್ ಏದುಸಿರು ಬಿಡುತ್ತಾ ಇಡೀ ಅಡುಗೆಯನ್ನು ಒಂದೇ ಪಾತ್ರೆಗೆ ಬಗ್ಗಿಸಿದ ಮೇಲೆಯೇ ಅದು ಬಡಿಸೋಕೆ ಬರುವುದು. ಆದರೆ ಇದರಲ್ಲೇ ಒಂದು ಧೈರ್ಯವೂ ಇದೆ. ಬರೀ ಚೀಟಿ ಆದ್ದರಿಂದ ಎಷ್ಟು ಕತ್ತರಿಸಿದರೂ ಮೂಲ ವಿಡಿಯೋಗೆ ಒಂದು ಗೀರೂ ಬೀಳುವುದಿಲ್ಲ. ಹೊಸಬರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಎಲ್ಲ ವಿಡಿಯೋ ಒಂದೇ ಫೋಲ್ಡರಿಗೆ ಹಾಕಿ, ಹೆಸರಿಡಿ, ಆಮೇಲೆ ಆ ಫೋಲ್ಡರನ್ನು ಅಲ್ಲಾಡಿಸಬೇಡಿ.

2017ರ ಜನವರಿಯಲ್ಲಿ ಮೂವಿ ಮೇಕರ್‌ಗೆ ಮೈಕ್ರೋಸಾಫ್ಟ್ ಮಂಗಳ ಹಾಡಿತು. ಈಗ ವಿಂಡೋಸ್ 11ರಲ್ಲಿ ಅದೇ ಕೆಲಸಕ್ಕೆ ಕ್ಲಿಪ್‌ಚಾಂಪ್ ಅಂತ ಇದೆ. 2021ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಆಸ್ಟ್ರೇಲಿಯಾದ ಕಂಪನಿ ಅದು, ಅದೂ ಬ್ರಿಸ್ಬೇನಿನದೇ. ದೊಡ್ಡಕ್ಕನಿಗೆ ಹೇಳಿದೆ. "ನೋಡು, ಕತ್ತರಿ ಕಳಿಸಿರೋದು ನಮ್ಮೂರೇ, ಇನ್ನು ನೆಪ ಹೇಳ್ಬೇಡ" ಅಂದಳು.

ಕೆಲಸ ಏನು ಬ್ರಹ್ಮವಿದ್ಯೆ ಅಲ್ಲ. ಕೆಳಗೆ ಉದ್ದಕ್ಕೆ ಟೈಮ್‌ಲೈನ್ ಅಂತ ಒಂದು ಪಟ್ಟಿ. ಮೇಲಿಂದ ವಿಡಿಯೋ ಎಳೆದು ಅದರ ಮೇಲೆ ಸಾಲಾಗಿ ಇಡುವುದು. ಬೇಕಾದ ಕಡೆ ಗೆರೆ ನಿಲ್ಲಿಸಿ ಎಸ್ ಒತ್ತಿದರೆ ಎರಡು ತುಂಡು. ಬೇಡದ ತುಂಡು ಅಳಿಸಿದರೆ ಆಯಿತು. ಅಮ್ಮ ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದದ್ದು ನೆನಪಾಗುತ್ತದೆ. ತಲೆ ಮುರಿ, ಬಾಲ ಮುರಿ, ನಾರು ಎಳಿ. ಮನೆ ವಿಡಿಯೋಗೂ ಹಾಗೇ. ತಲೆಯಲ್ಲಿ "ಆನ್ ಆಯ್ತಾ, ಕೆಂಪು ಲೈಟ್ ಬಂತಾ" ಇರುತ್ತದೆ, ಬಾಲದಲ್ಲಿ ನೆಲ ಇರುತ್ತದೆ. ಎರಡನ್ನೂ ಮುರಿದರೆ ಮುಕ್ಕಾಲು ಎಡಿಟಿಂಗ್ ಮುಗಿದ ಹಾಗೆ. ಕಷ್ಟ ಇರುವುದು ನಾರಿನಲ್ಲಿ. ಕಣ್ಣಿಗೆ ಕಾಣಿಸುವುದಿಲ್ಲ, ಹಲ್ಲಿಗೆ ಸಿಗುತ್ತದೆ.

ಹಾಲುಕ್ಕಿಸಿದ್ದನ್ನೇ ನೋಡಿ. ಹೊಸ ಒಲೆ, ದೊಡ್ಡ ಪಾತ್ರೆ. ಹಾಲು ಉಕ್ಕೋಕೆ ಪೂರ್ತಿ 14 ನಿಮಿಷ ತೆಗೆದುಕೊಂಡಿದೆ. ಅಷ್ಟೂ ಹೊತ್ತು ಜನ ಒಲೆಯನ್ನೇ ನೋಡುತ್ತಾ ನಿಂತಿದ್ದಾರೆ. "ಉರಿ ಜಾಸ್ತಿ ಮಾಡೋ." "ಇಷ್ಟು ದೊಡ್ಡ ಪಾತ್ರೆ ಯಾಕಿಟ್ರಿ?" "ರಾಹುಕಾಲ ಬಂದ್ಬಿಡತ್ತೆ." ನಾನು ಎಲ್ಲವನ್ನೂ ಕತ್ತರಿಸಿದೆ. ಪಾತ್ರೆ ಇಟ್ಟರು, ಟಕ್ ಅಂತ ಹಾಲು ಉಕ್ಕಿತು. ಒಟ್ಟು ಆರು ಸೆಕೆಂಡು. ಚೊಕ್ಕವಾಗಿತ್ತು, ಆದರೆ ನೋಡಿದರೆ ಏನೂ ಅನ್ನಿಸಲಿಲ್ಲ. ಹೋಟೆಲಿನಲ್ಲಿ ಹಾಲು ಉಕ್ಕಿದ ಹಾಗಿತ್ತು. ಮಾರನೇ ದಿನ ಕಂಟ್ರೋಲ್ ಝಡ್ ಒತ್ತಿ ಒತ್ತಿ ವಾಪಸ್ ಬಂದೆ. ಆ ಮೂರು ಮಾತು, ಪುರೋಹಿತರು ವಾಚು ನೋಡಿಕೊಳ್ಳುವುದು, ತಮ್ಮನ ಹೆಂಡತಿ ಸೆರಗಿನ ತುದಿ ಸುತ್ತುತ್ತಾ ಪಾತ್ರೆಯೊಳಗೆ ಬಗ್ಗಿ ನೋಡುವುದು, ಇಷ್ಟು ಉಳಿಸಿದೆ. ನಲವತ್ತು ಸೆಕೆಂಡು. ಈಗ ಹಾಲು ಉಕ್ಕಿದಾಗ ನನಗೇ ಗೊತ್ತಿಲ್ಲದೆ "ಅಬ್ಬಾ" ಅಂದೆ.

ಶಬ್ದದಲ್ಲೂ ಹೀಗೇ ಎಡವಿದೆ. ಫ್ಯಾನಿನ ಗಾಳಿ, ಬಟ್ಟಲು ಬಿದ್ದದ್ದು, ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರು. ಎಲ್ಲ ಮ್ಯೂಟ್ ಮಾಡಿ ಮೇಲೆ ಕೊಳಲು ಹಾಕಿದೆ. ಅಮ್ಮ ಎರಡು ನಿಮಿಷ ನೋಡಿ, "ಯಾಕೇ, ಎಲ್ಲಾರೂ ಮೂಕರ ಹಾಗೆ ಬಾಯಿ ಆಡಿಸ್ತಿದಾರೆ?" ಅಂದರು. ಕೊಳಲನ್ನು ಕಾಲು ಭಾಗಕ್ಕೆ ಇಳಿಸಿದೆ. ಮಿಕ್ಸರು ವಾಪಸ್ ಬಂತು. ಬರಲಿ ಬಿಡಿ, ಹೊಸ ಬಡಾವಣೆ ಅಂತ ಗೊತ್ತಾಗೋದು ಬೇಡವೇ.

ಇನ್ನು ದೊಡ್ಡತ್ತೆ. ನಮ್ಮಪ್ಪನ ಅಕ್ಕ.

ಬೀಗರು ತಮ್ಮನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ಗಡಿಯಾರಕ್ಕಿಂತ ಜಾಸ್ತಿ ಮಂಟಪ. ಎರಡು ನವಿಲು, ನಡುವೆ ಲೋಲಕ. ಅದನ್ನು ಬಿಚ್ಚುವಾಗ ಫೋನ್ ಹಿಡಿದಿದ್ದ ಹುಡುಗನಿಗೆ ಯಾರೋ ಡಿಕ್ಕಿ ಹೊಡೆದು, ನಾಲ್ಕು ಸೆಕೆಂಡು ಬರೀ ಚಾವಣಿ. ಹೀಗೆ ಹರಿದ ಕಡೆ ಬೇರೆ ಚಿತ್ರದ ತೇಪೆ ಹಾಕುವುದು ಮಾಮೂಲು. ಕೆಳಗೆ ಮಾತು ಓಡುತ್ತಿರಲಿ, ಮೇಲೆ ಯಾರದಾದರೂ ಮುಖ ತೋರಿಸಿದರೆ ಆಯಿತು. ಹುಡುಕಿದೆ. ಹೋಮದ ಹೊತ್ತಿನಲ್ಲಿ ತೆಗೆದ ದೊಡ್ಡತ್ತೆಯ ಮುಖ ಸಿಕ್ಕಿತು. ಅಳತೆ ಮಾಡಿಸಿದ ಹಾಗೆ ಸರಿಯಾಗಿ ನಾಲ್ಕು ಸೆಕೆಂಡು. ಹೊಗೆಗೆ ಕಣ್ಣು ಅರ್ಧ ಮುಚ್ಚಿದ್ದಾರೆ, ತುಟಿ ಬಿಗಿದಿದ್ದಾರೆ, ಕೊನೆಯಲ್ಲಿ ತಲೆ ಒಂಚೂರು ಅಲ್ಲಾಡಿದೆ. ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲಿ 120 ದೊಡ್ಡತ್ತೆ. ಎತ್ತಿ ಅಲ್ಲಿಟ್ಟೆ. ತೇಪೆ ಗೊತ್ತೇ ಆಗದ ಹಾಗೆ ಕೂತಿತು. ಮನೆಯವರ ಗ್ರೂಪಿಗೆ ಕಳಿಸಿ ಮಲಗಿದೆ.

ಬೆಳಿಗ್ಗೆ ಆರೂವರೆಗೆ ತಮ್ಮನ ಫೋನು. "ಅಕ್ಕಾ, ಏನು ಮಾಡಿಟ್ಟಿದೀಯ? ನಮ್ಮತ್ತೆಯವರು ರಾತ್ರಿಯಿಂದ ಊಟ ಮಾಡಿಲ್ಲ. ಗಡಿಯಾರ ನೋಡಿ ನಿಮ್ಮ ಕಡೆಯವರು ಮುಖ ಸಿಂಡರಿಸಿದ್ದನ್ನ ಬೇಕು ಅಂತಾನೇ ತೋರಿಸಿದಾರೆ ಅಂತಿದಾರೆ."

ಮತ್ತೆ ಹಾಕಿ ನೋಡಿದೆ. ನಿಜ. ನವಿಲಿನ ಗಡಿಯಾರ, ಆಮೇಲೆ ದೊಡ್ಡತ್ತೆ. ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ತಲೆ ಅಲ್ಲಾಡಿಸಿ "ಇಷ್ಟೇನಾ" ಅನ್ನುತ್ತಿದ್ದಾರೆ. ಅವರು ಆ ಗಡಿಯಾರವನ್ನು ನೋಡೇ ಇಲ್ಲ. ಬಿಚ್ಚಿದಾಗ ಹಾಲಿನಲ್ಲೇ ಇರಲಿಲ್ಲ.

ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೊವ್ ಅನ್ನುವ ಸಿನಿಮಾ ನಿರ್ದೇಶಕ ಇದನ್ನೇ ಬೇಕಂತಲೇ ಮಾಡಿ ನೋಡಿದ್ದ. ಒಬ್ಬ ನಟನ ಸುಮ್ಮನಿರುವ ಮುಖ. ಅದರ ಪಕ್ಕ ಒಂದು ಸಲ ಸೂಪಿನ ಬಟ್ಟಲು, ಇನ್ನೊಂದು ಸಲ ಶವಪೆಟ್ಟಿಗೆಯಲ್ಲಿ ಮಗು, ಮತ್ತೊಂದು ಸಲ ಒಬ್ಬ ಹೆಂಗಸು. ಮುಖ ಮೂರು ಸಲವೂ ಒಂದೇ. ನೋಡಿದವರು ಮಾತ್ರ ಆಹಾ, ಎಂಥಾ ಹಸಿವು, ಎಂಥಾ ದುಃಖ, ಎಂಥಾ ಆಸೆ, ಏನು ನಟನೆ ಅಂದರಂತೆ. ಸಿನಿಮಾ ಕಲಿಯುವವರಿಗೆಲ್ಲ ಇದು ಪಾಠ. ಕುಲೆಶೊವ್‌ಗೆ ಬೀಗರು ಇರಲಿಲ್ಲವೋ ಏನೋ, ಆರಾಮಾಗಿ ಪ್ರಯೋಗ ಮಾಡಿದ. ಇದನ್ನೆಲ್ಲ ಬೀಗಿತ್ತಿಗೆ ಫೋನಿನಲ್ಲಿ ವಿವರಿಸೋಕೆ ಹೋದೆ. ರಷ್ಯಾದ ಹೆಸರು ಬಂದ ಕೂಡಲೇ ಅವರ ಅನುಮಾನ ಇನ್ನೂ ಜಾಸ್ತಿ ಆಯಿತು.

ಸರಿ ಮಾಡಲೇಬೇಕಿತ್ತು. ಗಡಿಯಾರದ ಪಕ್ಕ ದೊಡ್ಡತ್ತೆಯ ಬದಲು ಅಮ್ಮನ ನಗು ತಂದಿಟ್ಟೆ. ಅಮ್ಮ ನಗುತ್ತಿದ್ದದ್ದು ಪಕ್ಕದ ಮನೆ ಮಗುವನ್ನು ನೋಡಿ, ಅದು ಬೇರೆ ವಿಷಯ. ಆದರೆ ದೊಡ್ಡತ್ತೆಯನ್ನು ಎಲ್ಲಿಡೋದು? ಪೂರ್ತಿ ತೆಗೆದರೆ "ನಾನು ಬಂದೇ ಇಲ್ವೇನೇ" ಅನ್ನುತ್ತಾರೆ. ಹೋಮದ ಪಕ್ಕ ವಾಪಸ್ ಇಡೋಣ ಅಂದರೆ, ಹೋಮದ ಭಾಗ ಆಗಲೇ ಎರಡು ನಿಮಿಷ ದಾಟಿತ್ತು. ಕೊನೆಗೆ ಊಟದ ಪಂಕ್ತಿಯಲ್ಲಿ ಇಟ್ಟೆ. ಬಡಿಸುವವರು ಎಲೆಗೆ ಬಿಸಿ ಒಬ್ಬಟ್ಟು ಹಾಕುತ್ತಾರೆ, ಮೇಲೆ ತುಪ್ಪ ಬೀಳುತ್ತದೆ. ಆಮೇಲೆ ದೊಡ್ಡತ್ತೆ. ಕಣ್ಣು ಅರ್ಧ ಮುಚ್ಚಿ, ತುಟಿ ಬಿಗಿದು, ತಲೆ ಅಲ್ಲಾಡಿಸುತ್ತಾರೆ. ಅದೇ ನಾಲ್ಕು ಸೆಕೆಂಡು. ಒಬ್ಬಟ್ಟಿನ ರುಚಿ ಗಂಟಲಲ್ಲಿ ಇಳಿಯುತ್ತಿರುವುದು ಕಾಣಿಸುತ್ತಿತ್ತು! ಹೊಗೆ ಸ್ವಲ್ಪ ಕಾಣುತ್ತಿತ್ತು, ಪರವಾಗಿಲ್ಲ, ಬಿಸಿ ಅಡುಗೆ ಅಂದುಕೊಳ್ಳುತ್ತಾರೆ.

ಕಳಿಸಿದೆ. ದೊಡ್ಡಕ್ಕ ಬಸ್ಸಿನಲ್ಲಿ ಕೂತು ನೋಡಿ ಅತ್ತಳಂತೆ. ಬೀಗಿತ್ತಿ ಮಧ್ಯಾಹ್ನ ಊಟ ಮಾಡಿದರು. ಅಡುಗೆಯವರನ್ನು ಗೊತ್ತು ಮಾಡಿದ್ದ ಭಾವ ಆ ಒಂದು ಜಾಗವನ್ನೇ ಮೂರು ಸಲ ನೋಡಿದರು. ಸಂಜೆ ದೊಡ್ಡತ್ತೆಯ ಮಗನ ಫೋನು. ದನಿ ಗಡುಸಾಗಿತ್ತು. "ಅಮ್ಮಂಗೆ ಶುಗರ್ ಇದೆ ಅಂತ ನಿಂಗೆ ಗೊತ್ತಲ್ವಾ? ಒಬ್ಬಟ್ಟು ಮುಟ್ಟೇ ಇಲ್ಲ ಅಂತ ಆಣೆ ಮಾಡಿದ್ರು. ಇಲ್ಲಿ ನೋಡಿದ್ರೆ ಎಷ್ಟು ಚಪ್ಪರಿಸ್ತಿದಾರೆ!"

"ಅಯ್ಯೋ, ಅದು ಒಬ್ಬಟ್ಟಲ್ಲ ಕಣೋ, ಹೋಮದ ಹೊಗೆ" ಅಂದೆ. ಅವನು ನಂಬಲಿಲ್ಲ. ಕುಲೆಶೊವ್ ಕಥೆ ಎರಡನೇ ಸಲ ಹೇಳುವ ಧೈರ್ಯ ನನಗೂ ಬರಲಿಲ್ಲ.

ನನ್ನ ಕತ್ತರಿಯಿಂದ ಪಾಪ ಎಂಬತ್ತು ವರ್ಷದ ಮುದುಕಿಗೆ ಬೈಗುಳ ಅಂತ ಬೇಜಾರಾಗಿ ದೊಡ್ಡತ್ತೆಗೆ ಫೋನ್ ಮಾಡಿದೆ. ತಪ್ಪಾಯ್ತು ಅತ್ತೆ, ಇವತ್ತೇ ತೆಗೆದುಬಿಡ್ತೀನಿ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಅವರೇ ದನಿ ತಗ್ಗಿಸಿ ಕೇಳಿದರು.

"ಎರಡೇ ಎರಡು ತಿಂದಿದ್ದು ಕಣೇ, ಉಗ್ರಾಣದ ಬಾಗಿಲ ಹಿಂದೆ ನಿಂತ್ಕೊಂಡು. ಅಲ್ಲಿಗೂ ಬಂದಿದ್ನಾ ಆ ಹುಡುಗ, ಫೋನ್ ಹಿಡ್ಕೊಂಡು?"