15 ಅಂಕಿಯ ಟೈಗರ್

ದೀಪಾವಳಿಯ ರಾತ್ರಿ ಪಕ್ಕದ ಮನೆಯವರು ಹೊಡೆದ ಒಂದೇ ಒಂದು ಗರ್ನಾಲಿಗೆ ನಮ್ಮ ನಾಯಿ ಟೈಗರ್ ಕಾಂಪೌಂಡ್ ಹಾರಿದ. ಟೈಗರ್ ಅನ್ನುವುದು ಹೆಸರಿಗೆ ಮಾತ್ರ. ಮಿಕ್ಸಿ ಹಾಕಿದರೂ ಮಂಚದ ಅಡಿಗೆ ನುಗ್ಗುವ ಪೈಕಿ.

ಹಾರುವಾಗ ಅವನ ಕೊರಳಲ್ಲಿ ಕೆಂಪು ಬೆಲ್ಟ್ ಇತ್ತು. ಎರಡು ಗೆಜ್ಜೆ, ದೃಷ್ಟಿಯಾಗದ ಹಾಗೆ ಅತ್ತೆ ಕಟ್ಟಿದ ಕಪ್ಪು ನೂಲು, ಬರ್ತ್‌ಡೇಗೆ ಮಗಳು ತಂದ ಬೋ ಎಲ್ಲ ಇತ್ತು. ಫೋನ್ ನಂಬರ್ ಮಾತ್ರ ಇರಲಿಲ್ಲ.

ಹಾಗಂತ ನಾವು ಏನೂ ಮಾಡದೆ ಕೂತವರಲ್ಲ, ಆಯ್ತಾ. ಚಿಪ್ ಹಾಕಿಸಿದ್ದೆವು. ಅಕ್ಕಿಕಾಳಿನಷ್ಟಿರುತ್ತದೆ, ಹೆಗಲುಗಳ ನಡುವೆ ಚರ್ಮದ ಅಡಿಗೆ ಸೂಜಿಯಲ್ಲಿ ಸೇರಿಸುತ್ತಾರೆ. "ಕುಚ್ಚಲೋ ಬೆಳ್ತಿಗೆಯೋ?" ಅಂತ ಅತ್ತೆ ಕೇಳಿದ್ದರು. ಅದರೊಳಗೆ 15 ಅಂಕಿಯ ಒಂದು ನಂಬರ್. ಟೈಗರ್ ಎಲ್ಲಿಗೆ ಹೋದರೂ ಮೊಬೈಲಲ್ಲಿ ಕಾಣ್ತದೆ ಅಂತ ಬಂದ ನೆಂಟರಿಗೆಲ್ಲ ನಾನು ಬಡಾಯಿ ಕೊಚ್ಚಿದ್ದೇ ಕೊಚ್ಚಿದ್ದು.

ಅದರಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ ಅಂತ ಗೊತ್ತಾದದ್ದು ಆ ರಾತ್ರಿ. ಸ್ಕ್ಯಾನರನ್ನು ನಾಯಿಯ ಬೆನ್ನಿಗೆ ಹಿಡಿದರೆ ಮಾತ್ರ ನಂಬರ್ ಹೇಳುತ್ತದಂತೆ. ಅಂದರೆ ನಾಯಿಯನ್ನು ಹುಡುಕಬೇಕಾದರೆ ಮೊದಲು ನಾಯಿ ಸಿಗಬೇಕು! ಯಜಮಾನನ ಹೆಸರು, ಫೋನ್ ಕೂಡ ಚಿಪ್‌ನಲ್ಲಿ ಇರುವುದಿಲ್ಲ, ಬೇರೆ ಕಡೆ ರಿಜಿಸ್ಟರ್ ಆಗಿರಬೇಕು. ನಮ್ಮದು ಆಗಿತ್ತು. ನಾನು ಎರಡು ವರ್ಷದ ಹಿಂದೆ ಬಿಸಾಡಿದ ಸಿಮ್ಮಿನ ನಂಬರಿಗೆ.

ಮಂಗಳೂರಿನ ಬಿಜೈಯಿಂದ ಕದ್ರಿಯವರೆಗೆ "ಟೈಗರ್, ಟೈಗರ್" ಅಂತ ಕೂಗುತ್ತಾ ನಡೆದೆ. ಅಂಗಡಿ ಬಾಗಿಲು ಎಳೆಯುತ್ತಿದ್ದವರೊಬ್ಬರು, "ಹುಲಿವೇಷ ದಸರಾಕ್ಕೇ ಮುಗಿಯಿತಲ್ಲ ಮಾರಾಯ್ರೆ" ಅಂದರು. ವಾಟ್ಸ್ಯಾಪಿನಲ್ಲಿ ಫೋಟೋ ಹಾಕಿದೆ. ಕುಂದಾಪುರದಿಂದ ಕಾಸರಗೋಡಿನವರೆಗೆ ಹೋಯಿತು. ಮೇಲಿನ ಸಾಲು ಓದದೆ ಹನ್ನೊಂದು ಜನ "ಓಂ ಶಾಂತಿ" ಹಾಕಿದರು. ಯಾರಿಗಾದರೂ ಸಿಕ್ಕಿದರೆ ಚಿಪ್ ಓದಿಸಲಿ ಅಂತ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿ ವಿಚಾರಿಸಿದೆ. "ಸ್ಕ್ಯಾನರ್ ಉಂಟು, ಚಾರ್ಜ್ ಇಲ್ಲ" ಅಂದರು. ಉಚಿತ ಅಂದುಕೊಂಡು ಖುಷಿಪಟ್ಟೆ. ಬ್ಯಾಟರಿಯ ವಿಷಯ ಅಂತ ಆಮೇಲೆ ತಿಳಿಯಿತು.

ಮೂರನೇ ದಿನ ಬೆಳಿಗ್ಗೆ ಮೀನಿನ ಅಕ್ಕ ಬಂದು ಬುಟ್ಟಿ ಇಳಿಸುತ್ತಾ ಹೇಳಿದರು: "ನಿಮ್ಮ ಟೈಗರ್ ಮಾರ್ಕೆಟಲ್ಲಿ ಮೀನು ಕಟ್ ಮಾಡುವಲ್ಲಿ ಗಮ್ಮತ್ತಲ್ಲಿ ಉಂಟು."

"ಅವನೇ ಅಂತ ಹೇಗೆ ಗೊತ್ತಾಯ್ತು ಅಕ್ಕ?"

"ಬಂಗುಡೆಯ ಮುಳ್ಳು ತೆಗೆದು ಕೊಟ್ಟರೆ ಮಾತ್ರ ತಿನ್ನುವ ನಾಯಿ ಈ ಊರಲ್ಲಿ ಬೇರೆ ಯಾವುದುಂಟು?"

ಕರೆತರಲು ಹೊರಟೆ. ದಾರಿ ಮಧ್ಯೆ ಒಂದು ದನ ಮಲಗಿತ್ತು. ಕಿವಿಯಲ್ಲಿ ಹಳದಿ ಟ್ಯಾಗ್, 12 ಅಂಕಿ, ನಮ್ಮ ಆಧಾರ್ ಹಾಗೆಯೇ. ಹಾಲು ಕರೆಯುವ ಹೊತ್ತಿಗೆ ಆ ದನಕ್ಕೆ ಯಜಮಾನ ಇರುತ್ತಾನೆ. ಅದಕ್ಕೆ ಸ್ಕೂಟರ್ ಗುದ್ದಿ ಯಾರಾದರೂ ಬಿದ್ದ ಹೊತ್ತಿಗೆ ಅದು ಊರ ದನ. ಪಕ್ಕದಲ್ಲೇ ಒಂದು ಬೀದಿನಾಯಿ, ಕಿವಿಯ ತುದಿ ಕತ್ತರಿಸಿದ್ದು. ಆಪರೇಷನ್ ಆಗಿದೆ, ರೇಬಿಸ್ ಲಸಿಕೆ ಹಾಕಿದೆ ಅಂತ ಗುರುತು. 2023ರ ಎಬಿಸಿ, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮದಂತೆ ಹಾಗೆ ಗುರುತು ಮಾಡಿಯೇ ವಾಪಸ್ ಬಿಡಬೇಕು. ಯಾರೂ ಇಲ್ಲದ ನಾಯಿಯ ಜಾತಕವನ್ನು ಬಸ್ಸಲ್ಲಿ ಕೂತೇ ಓದಬಹುದು. ಐದು ಜನ ಯಜಮಾನರಿರುವ ನಮ್ಮದನ್ನು ಮೀನಿನ ಮುಳ್ಳಿನಿಂದ ಗುರುತು ಹಿಡಿಯಬೇಕು!

ಬರುವಾಗಲೇ ಕೀ ಮಾಡುವವನ ಹತ್ತಿರ ಒಂದು ಸ್ಟೀಲಿನ ಬಿಲ್ಲೆ ಮಾಡಿಸುವ ಅಂದೆ. ಯಾರ ನಂಬರ್? ಹೆಂಡತಿ "ನನ್ನದು ಬೇಡಪ್ಪ, ಕಂಡಕಂಡವರು ಫೋನ್ ಮಾಡ್ತಾರೆ" ಅಂದಳು. ಕಂಡವರು ಫೋನ್ ಮಾಡಲಿ ಅಂತಲೇ ಅಲ್ವಾ ಬಿಲ್ಲೆ? ಕೆಂಪು ಬೆಲ್ಟಿನ ಲುಕ್ ಹೋಗ್ತದೆ ಅಂತ ಮಗಳು. ಎದುರುಮನೆಯ ಮಾಸ್ಟ್ರು ನನ್ನನ್ನು ಬದಿಗೆ ಕರೆದರು. ಅವರ ಮನೆಯಲ್ಲಿ ಎರಡು ನಾಯಿ, ಒಂದಕ್ಕೂ ಬೆಲ್ಟೇ ಇಲ್ಲ.

"ಸುಮ್ನೆ ಮಂಡೆಬಿಸಿ ಮಾಡ್ಕೋಬೇಡಿ. ನಂಬರ್ ಹಾಕಿದರೆ ನಾಯಿ ಸಿಗ್ತದೆ ನಿಜ. ಒಟ್ಟಿಗೆ ನೀವೂ ಸಿಕ್ಕಿಬೀಳ್ತೀರಿ."

ನಾನು ಕೇಳಲಿಲ್ಲ. ನನ್ನದೇ ನಂಬರ್ ಕೆತ್ತಿಸಿದೆ, ಮೇಲೆ ದೊಡ್ಡದಾಗಿ ಟೈಗರ್ ಅಂತ.

ಈಗ ಅವನು ಗರ್ನಾಲ್ ಇಲ್ಲದೆಯೂ ಕಾಂಪೌಂಡ್ ಹಾರಲು ಕಲಿತಿದ್ದಾನೆ. ವಾರದಲ್ಲಿ ಐದು ಫೋನ್ ಬಂತು. ಒಂದು ಜೊತೆ ಚಪ್ಪಲಿ, ಒಂದು ಕೋಳಿ, ಸ್ಕೂಟರಿನ ಸೀಟು. ಒಬ್ಬರಂತೂ ಹೋದ ವರ್ಷದ ಕೋಳಿಯ ಲೆಕ್ಕವನ್ನೂ ಸೇರಿಸಿದರು. ಮಾಸ್ಟ್ರು ಗೇಟಿನ ಹತ್ತಿರ ನಿಂತು ನಗುತ್ತಿರುತ್ತಾರೆ.

ನಿನ್ನೆ ಮಧ್ಯಾಹ್ನ ಒಬ್ಬರು ಹೆಂಗಸು ಫೋನ್ ಮಾಡಿದರು.

"ಹಲೋ, ಟೈಗರ್ ಅವರಾ ಮಾತಾಡುವುದು? ನಿಮ್ಮ ನಾಯಿ ನಮ್ಮ ಅಡುಗೆಮನೆಯಲ್ಲಿ ಉಂಟು. ಬಂಗುಡೆಯ ಪಾತ್ರೆ ಕೆಡವಿ ಹಾಕಿದೆ, ತಿನ್ನುವುದೂ ಇಲ್ಲ, ಹೋಗುವುದೂ ಇಲ್ಲ. ಎಂತ ಮಾಡುವುದು?"

"ಸ್ವಲ್ಪ ಮುಳ್ಳು ತೆಗೆದು ಕೊಡ್ತೀರಾ ಅಕ್ಕ?" ಅಂದೆ.

ಫೋನ್ ಇಟ್ಟರು.