ಗೇಮಿಂಗ್ ಪಿಸಿ ಲಿಸ್ಟ್ ಹಾಕೋಕೆ ಮುಂಚೆ ನಿಮ್ಮನೆ ಕರೆಂಟ್ ನೋಡಿ

ಕಾಫಿ ಮಾರಿ ದುಡ್ಡು ಕೈಗೆ ಬರೋ ಟೈಮಿಗೆ ನನ್ನ ಇನ್‌ಬಾಕ್ಸಿಗೆ ಬರೋ ಮೆಸೇಜು ಎಲ್ಲಾ ಒಂದೇ ತರ. "ಅಣ್ಣಾ, 60,000ದೊಳಗೆ ಗೇಮಿಂಗ್ ಪಿಸಿ ಬೇಕು, ಈ ಲಿಸ್ಟ್ ಓಕೆನಾ?" ಲಿಸ್ಟ್ ಅಂದ್ರೆ ಯಾವ್ದೋ ಯೂಟ್ಯೂಬ್ ವಿಡಿಯೋದ ಸ್ಕ್ರೀನ್‌ಶಾಟ್. ಪ್ರೊಸೆಸರ್ ಇರುತ್ತೆ, ಗ್ರಾಫಿಕ್ಸ್ ಕಾರ್ಡ್ ಇರುತ್ತೆ, ನಾಲ್ಕು ಬಣ್ಣದ ಫ್ಯಾನ್ ಇರೋ ಗಾಜಿನ ಕ್ಯಾಬಿನೆಟ್ ಇರುತ್ತೆ, ಲಿಕ್ವಿಡ್ ಕೂಲರ್ ಇರುತ್ತೆ, ಕೊನೇ ಸಾಲಲ್ಲಿ ಹೆಸರೇ ಕೇಳಿರದ ಒಂದು ಎಸ್‌ಎಂಪಿಎಸ್ (ಗೋಡೆ ಕರೆಂಟನ್ನ ಪಿಸಿಗೆ ಬೇಕಾದ ಹಾಗೆ ಮಾಡಿ ಕೊಡೋ ಡಬ್ಬ) ಇರುತ್ತೆ, ಯುಪಿಎಸ್ (ಕರೆಂಟು ಹೋದ ತಕ್ಷಣ ಬ್ಯಾಟರಿಯಲ್ಲಿ ಓಡಿಸೋದು) ಅಂತೂ ಇರೋದೇ ಇಲ್ಲ. ಈ ಲಿಸ್ಟ್ ಮಾಡಿದವನು ಕೂತಿರೋದು ದೆಹಲಿಯಲ್ಲೋ ಬೆಂಗಳೂರಲ್ಲೋ, ಅವನಿಗೆ ತಲೆನೋವು ಸೆಕೆ. ನಮಗೆ ಮಡಿಕೇರಿ, ಸೋಮವಾರಪೇಟೆ, ನಾಪೋಕ್ಲು ಕಡೆ ಸೆಕೆಯ ಚಿಂತೆ ಎಲ್ಲಿದೆ ಸ್ವಾಮಿ, ನಮ್ಮ ತಲೆನೋವು ಕರೆಂಟು. ಅದಕ್ಕೆ ನಾನು ಹೇಳೋದು, ಕೊಡಗಲ್ಲಿ ಪಿಸಿ ಕಟ್ಟೋರು ಲಿಸ್ಟನ್ನ ಕೆಳಗಿಂದ ಮೇಲಕ್ಕೆ ಓದಬೇಕು. ಮೊದಲು ಎಸ್‌ಎಂಪಿಎಸ್ ಮತ್ತೆ ಯುಪಿಎಸ್‌ಗೆ ದುಡ್ಡು ಎತ್ತಿಡಿ, ಉಳಿದಿದ್ದರಲ್ಲಿ ಗ್ರಾಫಿಕ್ಸ್ ಕಾರ್ಡು. ಹೇಳಿದ್ರೆ ಹುಡುಗರಿಗೆ ಬೇಜಾರಾಗುತ್ತೆ, ಗೊತ್ತು, ಎಸ್‌ಎಂಪಿಎಸ್ ಫೋಟೋ ಸ್ಟೇಟಸ್‌ಗೆ ಹಾಕೋಕಾಗಲ್ಲ ಅಲ್ವಾ.

ಕೂಲರ್ ವಿಷ್ಯ ಬೇಗ ಮುಗಿಸ್ತೀನಿ. ರೈಜನ್ 5 5600 ತಗೊಂಡ್ರೆ ಬಾಕ್ಸಲ್ಲೇ ಕೂಲರ್ ಬರುತ್ತೆ, 65 ವ್ಯಾಟಿನ ಪ್ರೊಸೆಸರು, ನಮ್ಮ ಹವೆಗೆ ಅದು ಧಾರಾಳ ಸಾಕು. ಬಯಲುಸೀಮೆಗೆ ಹತ್ರ ಇರೋ ಕುಶಾಲನಗರದ ಕಡೆಯೋರು ಏಪ್ರಿಲಲ್ಲಿ ಸ್ವಲ್ಪ ಗೊಣಗಬಹುದು, ಅವರಿಗೂ ಲಿಕ್ವಿಡ್ ಕೂಲರ್ ಬೇಕಾಗಲ್ಲ. ಆ ದುಡ್ಡು ಉಳೀತಲ್ಲ, ಈಗ ಕರೆಂಟಿನ ಕಡೆ ಬರೋಣ.

ತೋಟದ ಮನೆಗಳಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲೋ ದೂರದಲ್ಲಿ, ಲೈನು ಸಿಲ್ವರ್ ಓಕ್ ಮರಗಳ ಮಧ್ಯೆ ಹಾದು ಬರುತ್ತೆ. ಸಂಜೆ ಎಲ್ಲರ ಮನೆಯಲ್ಲೂ ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತೆ, ಮಳೆಗಾಲದಲ್ಲಿ ಗಾಳಿ ಬಂದ್ರೆ ಕೊಂಬೆ ತಾಗಿ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡುತ್ತೆ. ಈ ಹೋಗಿ ಬರೋದೇ ಪೂರ್ತಿ ಹೋಗೋದಕ್ಕಿಂತ ಕೆಟ್ಟದ್ದು. ಎಸ್‌ಎಂಪಿಎಸ್ ಒಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತೆ, ಕರೆಂಟು ಕಟ್ಟಾದ ಮೇಲೂ ಅದರಲ್ಲಿ ಉಳಿದ ಚಾರ್ಜಲ್ಲಿ ಪಿಸಿ ಕಣ್ಣು ಮಿಟುಕಿಸೋಷ್ಟು ಹೊತ್ತು ಓಡುತ್ತೆ, ಪಿಸಿ ಎಸ್‌ಎಂಪಿಎಸ್‌ಗಳಿಗೆ ಇರೋ ಎಟಿಎಕ್ಸ್ ಸ್ಟ್ಯಾಂಡರ್ಡ್ ಪ್ರಕಾರ ಸುಮಾರು 16 ಮಿಲಿಸೆಕೆಂಡ್. ಅಷ್ಟರೊಳಗೆ ಯುಪಿಎಸ್ ಲೋಡ್ ಎತ್ಕೊಂಡ್ರೆ ಗೇಮ್ ನಿಲ್ಲಲ್ಲ, ಇಲ್ಲಾಂದ್ರೆ ರೀಸ್ಟಾರ್ಟ್. ಕಡಿಮೆ ರೇಟಿನ ಎಸ್‌ಎಂಪಿಎಸ್‌ಗಳಲ್ಲಿ ಆ ಕೆಪಾಸಿಟರ್‌ನಲ್ಲೇ ಉಳಿತಾಯ ಮಾಡಿರ್ತಾರೆ, ಅದರ ಮೇಲೆ ಮನೆ ವೋಲ್ಟೇಜ್ 170ಕ್ಕೆ ಇಳಿದಿದ್ರೆ ಚಾರ್ಜೂ ಕಮ್ಮಿ ಇರುತ್ತೆ, ಹಾಗಾಗಿ ಯುಪಿಎಸ್ ಇದ್ದೂ ಪಿಸಿ ಆಫ್ ಆಗುತ್ತೆ, ಆಮೇಲೆ ಎಲ್ಲರೂ ಗ್ರಾಫಿಕ್ಸ್ ಕಾರ್ಡನ್ನ ಬೈತಾರೆ.

ಎಸ್‌ಎಂಪಿಎಸ್ ತಗೊಳ್ಳುವಾಗ ಸೈಡಲ್ಲಿರೋ ಲೇಬಲ್ ಓದಿ. ಇನ್‌ಪುಟ್ 200-240 ವೋಲ್ಟ್ ಅಂತಿದ್ರೆ ಅಲ್ಲೇ ಇಟ್ಟು ಬನ್ನಿ. 100-240 ಅಂತಿರಬೇಕು, ಆಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರಬೇಕು, ಅಂಥದ್ದು ಹೊರಗಿನ ವೋಲ್ಟೇಜ್ ಇಳಿದ್ರೂ ಒಳಗೆ ತನಗೆ ಬೇಕಾದಷ್ಟಕ್ಕೆ ಏರಿಸ್ಕೊಳ್ಳುತ್ತೆ. 80 ಪ್ಲಸ್ ಬ್ರಾಂಝ್ ಸ್ಟಿಕರ್ ಇದ್ರೆ ಒಳ್ಳೇದೇ, ಆದ್ರೆ ಅದು ಹೇಳೋದು ಎಷ್ಟು ಕರೆಂಟು ಬಿಸಿಯಾಗಿ ವೇಸ್ಟ್ ಆಗುತ್ತೆ ಅನ್ನೋದನ್ನ ಮಾತ್ರ, ಸಿಡಿಲು ಬಡಿದ್ರೆ ನಿಮ್ಮ ಮದರ್‌ಬೋರ್ಡ್ ಉಳಿಯುತ್ತಾ ಅನ್ನೋದನ್ನಲ್ಲ. ವ್ಯಾಟ್ ಬಗ್ಗೆ ಹುಡುಗರಿಗೆ ವಿಪರೀತ ಹುಚ್ಚು, 750 ಬೇಕು 850 ಬೇಕು ಅಂತ. ಆರ್‌ಎಕ್ಸ್ 6600 ಕಾರ್ಡು 132 ವ್ಯಾಟು, ಪ್ರೊಸೆಸರು ಉಳಿದಿದ್ದು ಎಲ್ಲಾ ಸೇರಿದ್ರೂ ಆಡುವಾಗ 300ರ ಒಳಗೇ ಇರುತ್ತೆ. ಒಳ್ಳೇ ಕಂಪನಿಯ 500-550 ಸಾಕು, ಹೆಸರಿಲ್ಲದ 750 ಬೇಡವೇ ಬೇಡ.

ಈಗ ಇನ್ವರ್ಟರ್. ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದಿದೆ, ಆದ್ರೆ ಅದರ ಮೇಲಿರೋ ಸ್ವಿಚ್ಚು ಏನು ಅಂತ ಕೇಳಿದ್ರೆ ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರಲ್ಲ. ತುಂಬಾ ಮಾಡೆಲ್‌ಗಳಲ್ಲಿ ಯುಪಿಎಸ್ ಮೋಡ್, ಇಕೋ ಮೋಡ್ ಅಂತ ಎರಡಿರುತ್ತೆ. ಇಕೋದಲ್ಲಿ ವೋಲ್ಟೇಜ್ ನೂರರ ಹತ್ರ ಇಳಿದ್ರೂ ಅದು ಸುಮ್ನೆ ಲೈನ್ ಕರೆಂಟನ್ನೇ ಬಿಡ್ತಾ ಇರುತ್ತೆ, ಬದಲಾಗೋದೂ ನಿಧಾನ. ಫ್ಯಾನು ಬಲ್ಬಿಗೆ ಪರವಾಗಿಲ್ಲ. ಯುಪಿಎಸ್ ಮೋಡಲ್ಲಿ ಸುಮಾರು 180ರ ಕೆಳಗೆ ಹೋದ್ರೆ ಬ್ಯಾಟರಿಗೆ ತಟ್ಟಂತ ತಿರುಗುತ್ತೆ. ನಿಮ್ಮ ಮನೇದು ಸೈನ್ ವೇವ್ (ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡೋ) ಇನ್ವರ್ಟರ್ ಆಗಿದ್ದು ಈ ಮೋಡೂ ಇದ್ರೆ ಬೇರೆ ಯುಪಿಎಸ್ ತಗೊಳ್ಳೋ ಮುಂಚೆ ಅದರಲ್ಲೇ ನೋಡಿ, ದುಡ್ಡು ಉಳಿಯುತ್ತೆ. ಹಳೇ ಸ್ಕ್ವೇರ್ ವೇವ್ ಆದ್ರೆ ಬೇಡ, ಕೆಲವು ಆಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್‌ಗೆ ಅದು ಆಗಿಬರಲ್ಲ. ಬೇರೆ ಯುಪಿಎಸ್ ತಗೊಳ್ಳೋದೇ ಆದ್ರೆ ಬಾಕ್ಸ್ ಮೇಲಿನ ವಿಎ (ವೋಲ್ಟ್-ಆಂಪಿಯರ್) ನೋಡಿ ಮೋಸ ಹೋಗ್ಬೇಡಿ, 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟು ಅಷ್ಟೇ, ಮಾನಿಟರೂ ಸೇರಿದ್ರೆ ಅದು ಏದುಸಿರು ಬಿಡುತ್ತೆ. 1000 ವಿಎ ತಗೊಳ್ಳಿ, ಕರೆಂಟು ಹೋದಾಗ ಸೇವ್ ಮಾಡಿ ಶಟ್‌ಡೌನ್ ಮಾಡೋಕೆ ಅಂತ, ಪೂರ್ತಿ ಮ್ಯಾಚ್ ಆಡೋಕೆ ಅಂತಲ್ಲ.

ಅರ್ತಿಂಗ್ ಬಗ್ಗೆ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ ಅಂತ ನನಗೆ ವಿಡಿಯೋ ಕಳಿಸೋರು ಇದ್ದಾರೆ, ಮುಟ್ಟಿ ತೋರಿಸೋ ವಿಡಿಯೋ! ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತೆ, ಮೂರನೇ ತೂತಿಗೆ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿ ಮಾಡ್ಸಿ. ಅದಿಲ್ಲದೆ ಎಷ್ಟು ಸಾವಿರದ ಸ್ಪೈಕ್ ಗಾರ್ಡ್ ಹಾಕಿದ್ರೂ ಅದರ ಅರ್ಧ ಕೆಲಸ ನಡೆಯಲ್ಲ. ಮತ್ತೆ ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಶುರುವಾದ್ರೆ ಪ್ಲಗ್ ಕಿತ್ತಿಡೋದು ಬಿಟ್ರೆ ಬೇರೆ ಉಪಾಯ ಇಲ್ಲ. ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ ಕೀಳಿ. ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟು ಬರಲ್ಲ, ಆದ್ರೆ ಫೈಬರ್ ಬಾಕ್ಸಿಗೆ ಗೋಡೆಯಿಂದ ಪವರ್ ಹೋಗಿದೆಯಲ್ಲ, ಅಲ್ಲಿಂದ ಲ್ಯಾನ್ ಕೇಬಲ್ ಹಿಡ್ಕೊಂಡು ಸೀದಾ ಮದರ್‌ಬೋರ್ಡಿಗೆ ಬರುತ್ತೆ. ಸಿಡಿಲಿಗೆ, ತುಕ್ಕಿಗೆ ಸಾಮಾನ್ಯವಾಗಿ ವಾರಂಟಿ ಕೊಡಲ್ಲ ಅನ್ನೋದೂ ನೆನಪಿರಲಿ.

ಸರಿ, ಈಗ ಎಲ್ಲರಿಗೂ ಇಷ್ಟದ ಭಾಗ. ಗ್ರಾಫಿಕ್ಸ್ ಕಾರ್ಡಿಗೆ ಒಟ್ಟು ಬಜೆಟ್ಟಿನ ಮೂರರಲ್ಲೊಂದು ಪಾಲು ಹೋಗ್ಲಿ, ಬೇಜಾರಿಲ್ಲ. 1080ಪಿ ಮಾನಿಟರ್‌ಗೆ 8 ಜಿಬಿಯ ಆರ್‌ಎಕ್ಸ್ 6600 ನನ್ನ ಪ್ರಕಾರ ಇವತ್ತಿಗೂ ಬಡವರ ಬಂಧು, 2021ರ ಕಾರ್ಡಾದ್ರೂ. ಅದೇ ರೇಟಿನ ಆಸುಪಾಸಲ್ಲಿ ಆರ್‌ಟಿಎಕ್ಸ್ 3050 ತೋರಿಸ್ತಾರೆ, ಹೆಸರು ದೊಡ್ಡದು, ಗೇಮಲ್ಲಿ 6600ಗಿಂತ ಹಿಂದೆ, ಅದರಲ್ಲೂ 2024ರಲ್ಲಿ ಬಂದ 6 ಜಿಬಿಯದ್ದು ಹೆಸರು ಒಂದೇ ಆದ್ರೂ ಇನ್ನೂ ಕಮ್ಮಿ ಶಕ್ತಿಯದ್ದು, ಅಂಗಡಿಯವರು ಅದನ್ನ ಬಾಯಿಬಿಟ್ಟು ಹೇಳಲ್ಲ. ಆರ್‌ಎಕ್ಸ್ 580 ಹೊಸದು ಅಂತ ಆನ್‌ಲೈನಲ್ಲಿ ಚೀಪಾಗಿ ಸಿಗೋದು ನೋಡಿ ಕುಣೀಬೇಡಿ, 2048 ಎಸ್‌ಪಿ ಅಂತ ಬರೆದಿದ್ರೆ ಅದು ನಿಜವಾಗಿ 570ರ ಮಟ್ಟದ್ದು. ಸೆಕೆಂಡ್ ಹ್ಯಾಂಡ್ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೋ ಕಾಸು ಗಳಿಸೋದು) ನಿಂತಾಗ ರಾಶಿ ರಾಶಿ ಕಾರ್ಡ್ ಮಾರ್ಕೆಟ್ಟಿಗೆ ಬಂತು, ಅವುಗಳಲ್ಲಿ ಎಷ್ಟೋ ಇನ್ನೂ ಚೆನ್ನಾಗೇ ಓಡ್ತಿವೆ. ಆದ್ರೆ ನಮ್ಮ ಜಿಲ್ಲೆಯೊಳಗೇ ಓಡಿದ ಕಾರ್ಡಾದ್ರೆ ಬಿಚ್ಚಿ ನೋಡಿ, ಸ್ಕ್ರೂ ತಲೆ, ಎಚ್‌ಡಿಎಂಐ ಪೋರ್ಟು, ಬ್ರಾಕೆಟ್ ಅಂಚು ಇಲ್ಲೆಲ್ಲ ತುಕ್ಕಿದ್ರೆ ಆ ಕಾರ್ಡು ಒಂದು ಮಳೆಗಾಲ ಮೂಲೆಯಲ್ಲಿ ಬಿದ್ದಿತ್ತು ಅಂತ ಅರ್ಥ.

ಆಫೀಸಿಂದ ಹೊರಹಾಕಿದ ಇಂಟೆಲ್ ನಾಲ್ಕನೇ ಜನರೇಷನ್ ಐ5 ಡಬ್ಬಕ್ಕೆ ಕಾರ್ಡ್ ಹಾಕೋ ಐಡಿಯಾ ಕೇಳೋಕೆ ಚೆನ್ನಾಗಿದೆ. ವಿಂಡೋಸ್ 10ಗೆ 2025ರ ಅಕ್ಟೋಬರಲ್ಲೇ ಸಪೋರ್ಟ್ ಮುಗೀತು, 11ಕ್ಕೆ ಮೈಕ್ರೋಸಾಫ್ಟ್ ಕೇಳೋದು ಎಂಟನೇ ಜನರೇಷನ್ನಿಂದ ಮೇಲೆ, ಎಸ್‌ಎಂಪಿಎಸ್ ಕನೆಕ್ಟರೂ ಎಷ್ಟೋ ಮಾಡೆಲಲ್ಲಿ ಅವರದ್ದೇ ಬೇರೆ. ನಾನಾದ್ರೆ ಮುಟ್ಟಲ್ಲ.

ರ‍್ಯಾಮ್ ಈಗ ನಿಜವಾದ ಹೊಟ್ಟೆಉರಿ. 2025ರ ಕೊನೇ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚ್ಕೊಳ್ತಿರೋದಕ್ಕೆ ರೇಟು ಎಲ್ಲೆಲ್ಲಿಗೋ ಹೋಯ್ತು. ಡಿಡಿಆರ್5 ಮೆಮೊರಿ ಮಾತ್ರ ತಗೊಳ್ಳೋ ಎಎಂ5 (ಎಎಂಡಿಯ ಹೊಸ ಸಾಕೆಟ್) ಬೋರ್ಡನ್ನ ಈ ಬಜೆಟ್ಟಲ್ಲಿ ನಾನು ಹೇಳದೇ ಇರೋದಕ್ಕೆ ಅದೂ ಒಂದು ಕಾರಣ. ರೈಜನ್ 5600 ಕೂರೋ ಎಎಂ4 ಹಳೇದು, ಆದ್ರೆ ಮನೆಯಲ್ಲೋ ಫ್ರೆಂಡ್ ಹತ್ರನೋ ಡಿಡಿಆರ್4 ಸ್ಟಿಕ್ ಇದ್ರೆ ಅದನ್ನೇ ಹಾಕಬಹುದಲ್ಲ. 16 ಜಿಬಿ ಒಂದೇ ಸ್ಟಿಕ್ ಬೇಡ, 8 ಜಿಬಿ ಎರಡು ಹಾಕಿ, ಎರಡು ಚಾನೆಲ್ಲಲ್ಲಿ ಓಡಲಿ.

ದುಡ್ಡು ಸಾಲ್ತಿಲ್ಲ ಅನ್ನೋರಿಗೆ ನಾನು ಹೇಳೋ ದಾರಿ ಬೇರೆ. ಈ ವರ್ಷ ರೈಜನ್ 5 5600ಜಿ ತಗೊಳ್ಳಿ, ಅದರೊಳಗೇ ಗ್ರಾಫಿಕ್ಸ್ ಇದೆ, ವ್ಯಾಲೊರಂಟ್ ತರದ ಗೇಮ್ ಆರಾಮಾಗಿ ಓಡುತ್ತೆ, ಕಾರ್ಡನ್ನ ಮುಂದಿನ ಕುಯ್ಲಿನ ದುಡ್ಡಲ್ಲಿ ಹಾಕಿ. 5600ಗೆ ಹೋಲಿಸಿದ್ರೆ ಅದರೊಳಗಿನ ಕ್ಯಾಶ್ ಮೆಮೊರಿ ಅರ್ಧ, ಕಾರ್ಡಿಗೆ ದಾರಿಯಾಗೋ ಪಿಸಿಐಇ ಕೂಡ 4ನೇ ತಲೆಮಾರಿಂದಲ್ಲ 3ನೇದು, ಆಮೇಲೆ ಕಾರ್ಡ್ ಹಾಕಿದಾಗ ಒಂದಿಷ್ಟು ಫ್ರೇಮ್ ಕಳ್ಕೊಳ್ತೀರಿ, ಅದು ಗೊತ್ತಿದ್ದೇ ತಗೊಳ್ಳಿ. ಅಪ್ಪನ ಹತ್ರ ಒಂದೇ ಸಲ ಅಷ್ಟು ದುಡ್ಡು ಕೇಳಿ ಕೊನೆಗೆ ಎಸ್‌ಎಂಪಿಎಸ್ಸಲ್ಲಿ ಕತ್ತರಿ ಹಾಕೋದಕ್ಕಿಂತ ಇದು ವಾಸಿ.

ತಗೊಳ್ಳೋ ತಿಂಗಳೂ ಮುಖ್ಯ. ಫೆಬ್ರವರಿ ಮಾರ್ಚಲ್ಲಿ ತಗೊಂಡ್ರೆ ಒಣ ಹವೆಯಲ್ಲಿ ಮೂರು ತಿಂಗಳು ಚೆನ್ನಾಗಿ ಓಡಿಸಿ, ಏನಾದ್ರೂ ತೊಂದರೆ ಇದ್ರೆ ಮಳೆಗೆ ಮುಂಚೆ ವಾರಂಟಿಗೆ ಕಳಿಸಬಹುದು. ಬೆಂಗಳೂರಿನ ಎಸ್‌.ಪಿ. ರೋಡಿಂದ ತರೋದಾದ್ರೆ ಸೀರಿಯಲ್ ನಂಬರ್ ಬರೆದಿರೋ ಜಿಎಸ್‌ಟಿ ಬಿಲ್ ಹಾಕ್ಸಿ, 18 ಪರ್ಸೆಂಟ್ ಉಳಿಸ್ತೀನಿ ಅಂತ ಚೀಟಿಯಲ್ಲಿ ಬರೆಸ್ಕೊಂಡು ಬಂದವರು ಆಮೇಲೆ ಕೊರಿಯರ್ ಹಿಡ್ಕೊಂಡು ಅಲೆದಿದ್ದನ್ನ ನೋಡಿದ್ದೀನಿ. ಜೂನ್ ಶುರುವಾದ ಮೇಲೆ ಪಿಸಿನ ದಿನಾ ಸ್ವಲ್ಪ ಹೊತ್ತಾದ್ರೂ ಆನ್ ಮಾಡಿ. ಓಡೋ ಪಿಸಿ ತನ್ನ ಬಿಸಿಗೆ ತಾನೇ ಒಣಗಿರುತ್ತೆ, ಪರೀಕ್ಷೆ ಅಂತ ಕಕ್ಕಡ (ಜೋರು ಮಳೆಯ ಕೊಡವ ತಿಂಗಳು) ಪೂರ್ತಿ ಬಟ್ಟೆ ಹೊದಿಸಿಟ್ಟಿದ್ದೇ ಬೂಷ್ಟು ಹಿಡಿಯೋದು. ಆನ್ ಆಗ್ತಿಲ್ಲ, ಫ್ಯಾನ್ ತಿರುಗುತ್ತೆ ಡಿಸ್‌ಪ್ಲೇ ಇಲ್ಲ ಅಂದ್ರೆ ಗಾಬರಿ ಬೀಳ್ಬೇಡಿ, ಪ್ಲಗ್ ಕಿತ್ತು, ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಹಾಕಿ. ಮಳೆಗಾಲದ ಎಷ್ಟೋ 'ಮದರ್‌ಬೋರ್ಡ್ ಹೋಯ್ತು'ಗಳು ಇಷ್ಟಕ್ಕೇ ಎದ್ದು ಕೂತಿವೆ. (ಆಯುಧಪೂಜೆಗೆ ಕುಂಕುಮ ಹಚ್ಚಿ, ಹೂವನ್ನ ಮಾತ್ರ ಮೇಲಿನ ಫ್ಯಾನ್ ಮೇಲೆ ಇಡ್ಬೇಡಿ ಮಾರಾಯ್ರೇ.)

ಕೊನೇದಾಗಿ ಡೌನ್‌ಲೋಡ್. ಈಗಿನ ದೊಡ್ಡ ಗೇಮ್ ಒಂದೊಂದೂ ನೂರು ಜಿಬಿ ದಾಟುತ್ತೆ, ಮೊಬೈಲ್ ಹಾಟ್‌ಸ್ಪಾಟಲ್ಲಿ ಇಳಿಸೋಕೆ ಕೂತ್ರೆ ಅಡಿಕೆ ಮರ ಫಲ ಬಿಡುತ್ತೆ. ಅದಕ್ಕೇ ಎಸ್‌ಎಸ್‌ಡಿ 512ಕ್ಕೆ ನಿಲ್ಲಿಸ್ಬೇಡಿ, ಆಗೋದಾದ್ರೆ 1 ಟಿಬಿ ಹಾಕಿ, ಒಂದ್ಸಲ ಇಳಿಸಿದ್ದನ್ನ ಅಳಿಸೋ ಪ್ರಮೇಯ ಬರಬಾರ್ದು. ಪಿಸಿ ಗೇಮ್ ಮಾರೋ ಸ್ಟೀಮ್ ಆಪಲ್ಲಿ 2023ರಿಂದ ಒಂದೇ ನೆಟ್‌ವರ್ಕಲ್ಲಿರೋ ಇನ್ನೊಂದು ಪಿಸಿಯಿಂದ ಗೇಮ್ ಫೈಲ್ ಎಳ್ಕೊಳ್ಳೋ ಆಪ್ಷನ್ ಇದೆ, ಸೆಟ್ಟಿಂಗ್ಸಲ್ಲಿ ಹುಡುಕಿ. ಇಬ್ಬರ ಹತ್ರನೂ ಆ ಗೇಮ್ ಇದ್ರೆ ಸಾಕು, ಇಂಟರ್ನೆಟ್ಟಿಂದ ಪೂರ್ತಿ ಇಳಿಸೋದು ತಪ್ಪುತ್ತೆ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯೋರು ಯಾರಾದ್ರೂ ಇದ್ರೆ ಭಾನುವಾರ ನಿಮ್ಮ ಪಿಸಿ, ಒಂದು ಲ್ಯಾನ್ ಕೇಬಲ್ ತಗೊಂಡು ಬನ್ನಿ, ನನ್ನ ಹತ್ರ ಇರೋದನ್ನ ಎಳ್ಕೊಂಡು ಹೋಗಿ. ಬರೋ ಮುಂಚೆ ಫೋನ್ ಮಾಡಿ ಕರೆಂಟ್ ಇದೆಯಾ ಕೇಳಿ.